ಕಳ್ಳ, ತಳಾರ ಮತ್ತು ನಮ್ಮ ಬಾವುಟ: ಕನ್ನಡ ಪತ್ತೇದಾರಿ ಕಾದಂಬರಿಗಳ ಕಥೆ

ದೋಹಾದಲ್ಲೋ, ಅಲ್ ವಕ್ರಾದಲ್ಲೋ, ಅಲ್ ಖೋರ್‌ನಲ್ಲೋ ಕೂತು ಇದನ್ನು ಓದುತ್ತಿರುವ ಎಳೆಯ ಗೆಳೆಯರೇ, ಮೊದಲಿಗೆ ಒಂದು ಪ್ರಶ್ನೆ. ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ ನಿಮ್ಮ ಕೈಗೆ ಒಂದು ಹಳದಿ-ಕೆಂಪು ಬಾವುಟ ಕೊಡುತ್ತೇವೆ. ನೀವು ಅದನ್ನು ಬೀಸುತ್ತೀರಿ, ಫೋಟೋ ತೆಗೆಸಿಕೊಳ್ಳುತ್ತೀರಿ. ಆ ಬಾವುಟ ರೂಪಿಸಿದ್ದು ಯಾರು, ಗೊತ್ತೇ? ಅವರು ಮಂತ್ರಿಯಲ್ಲ, ಚಿತ್ರಕಲಾವಿದರೂ ಅಲ್ಲ. ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು. ಹೆಸರನ್ನು ಆಮೇಲೆ ಹೇಳುತ್ತೇನೆ. ಪತ್ತೇದಾರಿ ಕಥೆಗಳ ಬಗ್ಗೆ ಮಾತಾಡುವಾಗ ಮೊದಲ ಪುಟದಲ್ಲೇ ಗುಟ್ಟು ಬಿಟ್ಟುಕೊಡಬಾರದಲ್ಲವೇ?

ಈ ವಿಷಯ ಎತ್ತಿಕೊಳ್ಳಲು ಕಾರಣ ನಿಮ್ಮಂಥ ಒಬ್ಬಳು ಹುಡುಗಿ. ವಾರಾಂತ್ಯದಲ್ಲಿ ನಾವು ನಾಲ್ಕಾರು ಮಂದಿ ಸ್ವಯಂಸೇವಕಿಯರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಅಕ್ಷರ, ಕಾಗುಣಿತ ಮುಗಿಸಿ ಓದಲು ಶುರು ಮಾಡಿದ್ದ ಆ ಹುಡುಗಿಗೆ ನಾನು ಒಂದು ನೀತಿಕಥೆಯ ಪುಸ್ತಕ ಕೊಟ್ಟೆ. ಒಂದು ವಾರ ಬಿಟ್ಟು ತಂದುಕೊಟ್ಟಳು. “ಓದಿದ್ಯಾ?” ಅಂದೆ. “ಓದ್ದೆ ಆಂಟಿ. ಆದ್ರೆ ಎಲ್ಲದರಲ್ಲೂ ಕೊನೆಗೆ ಒಳ್ಳೇದೇ ಆಗತ್ತೆ, ಮೊದಲೇ ಗೊತ್ತಾಗಿಬಿಡತ್ತೆ. ಕನ್ನಡದಲ್ಲಿ ಮರ್ಡರ್ ಮಿಸ್ಟರಿ ಇಲ್ವಾ?” ಅಂತ ಕೇಳಿದಳು. ಅವಳ ಚೀಲದಲ್ಲಿ ಅಗಾಥಾ ಕ್ರಿಸ್ಟಿಯ ಪುಸ್ತಕವೊಂದಿತ್ತು, ಎಜುಕೇಷನ್ ಸಿಟಿಯ ನ್ಯಾಷನಲ್ ಲೈಬ್ರರಿಯಿಂದ ತಂದದ್ದು.

“ಇದೆ ಪುಟ್ಟಿ” ಅಂದೆ. ಅಂದುಬಿಟ್ಟ ಮೇಲೆ ನನಗೇ ಒಂಥರಾ ನಾಚಿಕೆಯಾಯಿತು. ಯಾಕೆಂದರೆ ಇದೆ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು, ಆದರೂ ಇಷ್ಟು ವರ್ಷ ಒಬ್ಬ ಹುಡುಗನಿಗೂ ಒಬ್ಬ ಹುಡುಗಿಗೂ ಹೇಳಿರಲಿಲ್ಲ. ಅದರ ಹಿಂದೆ ಒಂದು ಹಳೆಯ ಸುಳ್ಳಿದೆ. ಎಂ.ಎ. ಮೊದಲ ವರ್ಷದಲ್ಲಿ ನಮ್ಮ ಮೇಷ್ಟ್ರೊಬ್ಬರು ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, “ನಿಮಗೆ ಓದಿನ ಹುಚ್ಚು ಹಿಡಿಸಿದ ಪುಸ್ತಕ ಯಾವುದು?” ಎಂದು ಕೇಳಿದರು. ನಾನು ಎದ್ದು ನಿಂತು ‘ಮೂಕಜ್ಜಿಯ ಕನಸುಗಳು’ ಎಂದೆ. ಮೇಷ್ಟ್ರು ತಲೆದೂಗಿದರು. ನಿಜವಾಗಿ ನನಗೆ ಆ ಹುಚ್ಚು ಹಿಡಿಸಿದ್ದು ಎನ್. ನರಸಿಂಹಯ್ಯನವರ ‘ಭಯಂಕರ ಬೈರಾಗಿ’. ಸಾಗರದ ನಮ್ಮ ಮನೆಯ ಅಟ್ಟದಲ್ಲಿ, ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ಅದರ ಹೆಸರು ಹೇಳಿದರೆ ತರಗತಿ ನಗುತ್ತದೆ ಎಂಬ ಭಯ ನನಗಿತ್ತು.

ಇವತ್ತು ಆ ಸುಳ್ಳನ್ನು ತಿದ್ದಿಕೊಳ್ಳುತ್ತೇನೆ. ಕನ್ನಡದ ಪತ್ತೇದಾರಿ ಮತ್ತು ರೋಚಕ ಕಾದಂಬರಿಗಳ ಚರಿತ್ರೆಯನ್ನು ನಿಮಗೆ ಹೇಳುತ್ತಾ, ಯಾವುದನ್ನು ಓದಬಹುದು ಎಂದೂ ಸೂಚಿಸುತ್ತೇನೆ.

ಎಲ್ಲಿಂದ ಶುರು ಮಾಡೋಣ? ಪಶ್ಚಿಮದವರನ್ನು ಕೇಳಿದರೆ 1841 ಎನ್ನುತ್ತಾರೆ. ಆ ವರ್ಷ ಅಮೆರಿಕದ ಎಡ್ಗರ್ ಅಲನ್ ಪೋ ಪ್ಯಾರಿಸ್ಸಿನ ಒಂದು ಬೀದಿಯಲ್ಲಿ ನಡೆದ ಕೊಲೆಗಳ ಕಥೆ ಬರೆದ. 1887ರಲ್ಲಿ ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ಬಂದ. ಆದರೆ ಕಳ್ಳನನ್ನು ಹಿಡಿಯುವ ಕಥೆಗೆ ನಮ್ಮಲ್ಲಿ ಅದಕ್ಕಿಂತ ಬಹಳ ಹಳೆಯ ಬೇರಿದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲಿ ಒಂದು. ಶಿವಕೋಟ್ಯಾಚಾರ್ಯ ಬರೆದದ್ದು ಎನ್ನುತ್ತಾರೆ. ಅದರಲ್ಲಿ 19 ಕಥೆಗಳಿವೆ, ಎಲ್ಲವೂ ಜೈನ ಸಾಧಕರ ಕಥೆಗಳು. ಅವುಗಳಲ್ಲಿ ಒಂದರ ನಾಯಕ ಒಬ್ಬ ಕಳ್ಳ. ಹೆಸರು ವಿದ್ಯುಚ್ಚೋರ.

ಕಥೆ ಹೀಗಿದೆ. ಮಿಥಿಳೆಯಲ್ಲಿ ವಾಮರಥನೆಂಬ ಅರಸ. ಊರಿನ ಕಾವಲಿನ ಹೊಣೆ ಯಮದಂಡನೆಂಬ ತಳಾರನದು. ತಳಾರ ಎಂದರೆ ಆ ಕಾಲದ ಪೊಲೀಸ್ ಅಧಿಕಾರಿ. ನಮ್ಮ ಹಳ್ಳಿಗಳ ‘ತಳವಾರ’ ಎಂಬ ಮಾತಿಗೂ ಅದಕ್ಕೂ ನಂಟಿದೆ. ಆ ಊರಿನಲ್ಲಿ ಹಗಲು ಹೊತ್ತು ಕುಷ್ಠರೋಗಿಯ ವೇಷದಲ್ಲಿ ಪಾಳು ದೇಗುಲದಲ್ಲಿ ಬಿದ್ದುಕೊಂಡು, ರಾತ್ರಿಯಾದರೆ ರೂಪ ಬದಲಿಸಿ ಕನ್ನ ಹಾಕುವ ಒಬ್ಬ ಕಳ್ಳನಿದ್ದಾನೆ. ಒಂದು ರಾತ್ರಿ ಅರಸನ ಹಾರವೇ ಹೋಯಿತು. ಅರಸ ತಳಾರನಿಗೆ ಏಳು ದಿನದ ಗಡುವು ಕೊಟ್ಟ: ಕಳ್ಳನನ್ನು ತಾ, ಇಲ್ಲವಾದರೆ ಕಳ್ಳನಿಗೆ ಆಗಬೇಕಾದ ಶಿಕ್ಷೆ ನಿನಗೆ. ಯಮದಂಡ ಊರೆಲ್ಲ ಹುಡುಕಿ, ಕೊನೆಗೆ ಆ ರೋಗಿಯ ಮೇಲೆ ಅನುಮಾನಪಟ್ಟು ಹಿಡಿದು ತರುತ್ತಾನೆ. ಎಷ್ಟು ದಂಡಿಸಿದರೂ ಅವನು ಬಾಯಿ ಬಿಡುವುದಿಲ್ಲ. ಅರಸ ಅಭಯ ಕೊಟ್ಟ ಮೇಲೆ ಬಾಯಿ ಬಿಡುತ್ತಾನೆ. ಅವನು ನಿಜಕ್ಕೂ ಯಾರು, ಆ ಊರಿಗೆ ಯಾಕೆ ಬಂದಿದ್ದ, ತಳಾರನಿಗೂ ಅವನಿಗೂ ಏನು ಸಂಬಂಧ ಎಂಬುದನ್ನು ನಾನು ಹೇಳುವುದಿಲ್ಲ. ಹೊಸಗನ್ನಡದಲ್ಲಿ ಈ ಕಥೆ ಸಿಗುತ್ತದೆ, ಓದಿ. ಸಾವಿರ ವರ್ಷದ ಹಿಂದಿನ ಆ ತಿರುವು ಇವತ್ತಿಗೂ ಕೆಲಸ ಮಾಡುತ್ತದೆ.

ನೀವು ಬೆಳೆಯುತ್ತಿರುವ ಈ ಅರಬ್ ನೆಲದಲ್ಲೂ ಇದಕ್ಕೊಂದು ಜೋಡಿಯಿದೆ. ಸಾವಿರದೊಂದು ರಾತ್ರಿಗಳ ಕಥೆಗಳಲ್ಲಿ ‘ಮೂರು ಸೇಬುಗಳು’ ಎಂಬುದೊಂದಿದೆ. ಬಾಗ್ದಾದಿನಲ್ಲಿ ಟೈಗ್ರಿಸ್ ನದಿಗೆ ಬಲೆ ಬೀಸಿದ ಮೀನುಗಾರನಿಗೆ ಬೀಗ ಹಾಕಿದ ಪೆಟ್ಟಿಗೆ ಸಿಗುತ್ತದೆ, ಒಳಗೆ ಒಬ್ಬ ಹೆಣ್ಣುಮಗಳ ಹೆಣ. ಖಲೀಫ ಹಾರೂನ್ ಅಲ್ ರಶೀದ್ ತನ್ನ ವಜೀರ ಜಾಫರನಿಗೆ ಹೇಳುತ್ತಾನೆ: ಮೂರು ದಿನದಲ್ಲಿ ಕೊಲೆಗಾರ ಸಿಗದಿದ್ದರೆ ನಿನ್ನ ತಲೆ ಹೋಗುತ್ತದೆ. ಅಲ್ಲಿ ಮೂರು ದಿನ, ನಮ್ಮಲ್ಲಿ ಏಳು ದಿನ. ಬಾಗ್ದಾದಿನ ಕಥೆ ಹೇಳುತ್ತಿದ್ದವರಿಗೂ ಕನ್ನಡದ ಜೈನ ಗುರುವಿಗೂ ಒಂದೇ ಉಪಾಯ ಗೊತ್ತಿತ್ತು. ಹುಡುಕುವವನ ತಲೆಯ ಮೇಲೆ ಗಡುವಿನ ಕತ್ತಿ ತೂಗುಹಾಕಿದರೆ ಕೇಳುವವರು ಎದ್ದು ಹೋಗುವುದಿಲ್ಲ. ಇವತ್ತು ನೀವು ನೋಡುವ ಸೀರಿಯಲ್ ಕಿಲ್ಲರ್ ಸರಣಿಗಳಲ್ಲಿ ಮೇಲಧಿಕಾರಿ “ನಿಮಗೆ 48 ಗಂಟೆ ಟೈಮು” ಎನ್ನುವುದೂ ಇದೇ.

ಮುಂದಿನ ನಿಲ್ದಾಣ 1823. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ಕೆಂಪುನಾರಾಯಣ ‘ಮುದ್ರಾಮಂಜೂಷ’ ಎಂಬ ಗದ್ಯಕೃತಿ ಬರೆದ. ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ದ ಕಥೆಯೇ ಇಲ್ಲೂ ಇರುವುದು. ನಂದರ ಮಂತ್ರಿ ರಾಕ್ಷಸನನ್ನು ಚಾಣಕ್ಯ ಬಲೆಗೆ ಕೆಡವುವ ಕಥೆ. ವೇಷ ಮರೆಸಿದ ಗೂಢಚಾರರು, ವಿಷಕನ್ಯೆ, ಕಳೆದುಹೋದ ಮುದ್ರೆಯುಂಗುರ, ಅದರಿಂದ ಹುಟ್ಟುವ ಕಪಟ ಪತ್ರ, ಹೀಗೆ ಸಾಗುತ್ತದೆ. ನಾವು ಇದನ್ನು ಎಂ.ಎ. ಪಾಠದಲ್ಲಿ ‘ಹೊಸಗನ್ನಡ ಗದ್ಯದ ಮುಂಬೆಳಗು’ ಎಂಬ ದೃಷ್ಟಿಯಿಂದ ಓದಿದೆವು. ಅದೊಂದು ಪಕ್ಕಾ ಸ್ಪೈ ಥ್ರಿಲ್ಲರ್ ಎಂದು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ಉತ್ಸಾಹದಿಂದ ಓದುತ್ತಿದ್ದೆವೇನೋ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕನ್ನಡದಲ್ಲಿ ಕಾದಂಬರಿ ಎಂಬುದು ಕಾಲಿಟ್ಟಿತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದರು, ಗಳಗನಾಥರು ಮರಾಠಿಯ ಕಡೆಯಿಂದ ಚಾರಿತ್ರಿಕ ಕಾದಂಬರಿಗಳನ್ನು ತಂದರು. ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು ಎಂಬುದು ಪ್ರಸಿದ್ಧ ಸಂಗತಿ. ಅಂದರೆ ಆಗ ಪುಸ್ತಕ ಬರೆದರೆ ಸಾಲುತ್ತಿರಲಿಲ್ಲ, ಓದುಗರನ್ನೂ ತಯಾರು ಮಾಡಬೇಕಿತ್ತು. ಆ ಕೆಲಸ ಅರ್ಧ ಆಗಿತ್ತಷ್ಟೆ. ಉಳಿದ ಅರ್ಧವನ್ನು ಮಾಡಿದವರಲ್ಲಿ ಪತ್ತೇದಾರಿ ಕಾದಂಬರಿಕಾರರು ಮುಖ್ಯರು. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಸಿಕ್ಕಿರುವುದು ಒಂದೋ ಎರಡೋ ಸಾಲು.

ಇಲ್ಲಿ ಬರುತ್ತಾರೆ ಎನ್. ನರಸಿಂಹಯ್ಯ. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಶಾಲೆಯ ಓದು ನಾಲ್ಕನೇ ತರಗತಿಯವರೆಗೆ. 1952ರಲ್ಲಿ ಅವರ ‘ಪತ್ತೇದಾರ ಪುರುಷೋತ್ತಮ’ ಬಂತು. ಅಲ್ಲಿಂದ ಮುಂದೆ 500ಕ್ಕೂ ಹೆಚ್ಚು ಕಾದಂಬರಿ. ನೀವು ಇಷ್ಟಪಡುವ ಯಾವ ಲೇಖಕರ ಪುಸ್ತಕಗಳನ್ನಾದರೂ ಎಣಿಸಿ, ಐನೂರು ಎಂದರೆ ಏನೆಂದು ಗೊತ್ತಾಗುತ್ತದೆ. ಪುರುಷೋತ್ತಮ, ಮಧುಸೂದನ, ಅರಿಂಜಯ ಅವರ ಪತ್ತೇದಾರರು. ನಿಮ್ಮ ಅಜ್ಜಂದಿರ ಮುಂದೆ ಈ ಹೆಸರುಗಳನ್ನು ಸುಮ್ಮನೆ ಒಮ್ಮೆ ಹೇಳಿ ನೋಡಿ, ಮುಖ ಹೇಗೆ ಅರಳುತ್ತದೆ ಅಂತ.

ಅದೇ 1952ರಲ್ಲಿ ಅಲಹಾಬಾದಿನಲ್ಲಿ ಇಬ್ನೆ ಸಫಿ ಎಂಬ ಉರ್ದು ಲೇಖಕ ‘ಜಾಸೂಸಿ ದುನಿಯಾ’ ಎಂಬ ಸರಣಿ ಆರಂಭಿಸಿದ. ಮುಂದೆ ಅವನು ಪಾಕಿಸ್ತಾನಕ್ಕೆ ಹೋದ, ಎರಡೂ ದೇಶದವರು ಅವನನ್ನು ಓದಿದರು. ಇಲ್ಲಿ ನಿಮ್ಮ ತರಗತಿಯಲ್ಲಿ ಕರಾಚಿಯ ಅಥವಾ ಹೈದರಾಬಾದಿನ ಗೆಳೆಯರಿದ್ದರೆ ಅವರ ಮನೆಯ ಹಿರಿಯರನ್ನು ಕೇಳಿ. ಬಂಗಾಳದವರಿಗೆ ಅದಕ್ಕೂ ಮೊದಲೇ, 1932ರಿಂದ, ಬ್ಯೋಮಕೇಶ್ ಬಕ್ಷಿ ಇದ್ದ. ಸ್ವಾತಂತ್ರ್ಯದ ನಂತರ ಹಳ್ಳಿಹಳ್ಳಿಗೆ ಶಾಲೆ ಬಂತು, ಅಕ್ಷರ ಬಂತು, ಆದರೆ ಹೊಸದಾಗಿ ಅಕ್ಷರ ಕಲಿತವರು ಓದುವುದಕ್ಕೆ ಏನಿತ್ತು? ಒಂದು ಕಡೆ ಪುರಾಣ, ಇನ್ನೊಂದು ಕಡೆ ಭಾರವಾದ ಸಾಹಿತ್ಯ. ನಡುವೆ ಇದ್ದ ಖಾಲಿ ಜಾಗಕ್ಕೆ ಒಂದೊಂದು ಭಾಷೆಯಲ್ಲೂ ಪತ್ತೇದಾರ ಬಂದು ನಿಂತ.

ಆ ಪುಸ್ತಕಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂದು ನನಗೆ ಗೊತ್ತಾದದ್ದು ಅಪ್ಪನಿಂದ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಹುಡುಗರಾಗಿದ್ದಾಗ ಪೇಟೆಯ ಬಾಡಿಗೆ ಪುಸ್ತಕದಂಗಡಿಯಿಂದ ದಿನಕ್ಕೆ ಹತ್ತು ಪೈಸೆ ಕೊಟ್ಟು ಒಂದು ಪುಸ್ತಕ ತರುತ್ತಿದ್ದರಂತೆ. ಎರಡು ದಿನವಾದರೆ ಇಪ್ಪತ್ತು ಪೈಸೆ, ಆದ್ದರಿಂದ ಒಂದೇ ರಾತ್ರಿಯಲ್ಲಿ ಮುಗಿಸಬೇಕು. ಕರೆಂಟಿಲ್ಲದ ಮನೆಯಲ್ಲಿ ಬುಡ್ಡಿದೀಪದ ಸುತ್ತ ಐದಾರು ಜನ. ಅಪ್ಪ ಓದುವುದು, ಅಕ್ಷರ ಬಾರದ ಅಜ್ಜಿ, ಚಿಕ್ಕಜ್ಜಿ, ಪಕ್ಕದ ಮನೆಯವರು ಕೇಳುವುದು. ಚಿಕ್ಕ ಚಿಕ್ಕ ವಾಕ್ಯ, ಜಾಸ್ತಿ ಸಂಭಾಷಣೆ, ಅಧ್ಯಾಯದ ಕೊನೆಯಲ್ಲಿ ಬಾಗಿಲ ಹಿಂದೆ ಒಂದು ನೆರಳು. ಅಜ್ಜಿ “ಮುಂದಿಂದು ಓದೋ” ಎಂದು ಬೈಯುತ್ತಿದ್ದರಂತೆ. ಈಗ ನಾವು ‘ಆಡಿಯೋ ಬುಕ್’ ಎನ್ನುತ್ತೇವಲ್ಲ, ನಮ್ಮಜ್ಜಿ ಅರವತ್ತು ವರ್ಷದ ಹಿಂದೆಯೇ ಅದನ್ನು ಕೇಳುತ್ತಿದ್ದರು.

ಈಗ ಬಾವುಟದ ಗುಟ್ಟು. ಅದನ್ನು ರೂಪಿಸಿದವರ ಹೆಸರು ಮ. ರಾಮಮೂರ್ತಿ. 1918ರಲ್ಲಿ ಹುಟ್ಟಿದವರು, ‘ವೀರಕೇಸರಿ’ ಎಂದು ಹೆಸರಾದ ಸೀತಾರಾಮಶಾಸ್ತ್ರಿಗಳ ಮಗ. ಪತ್ತೇದಾರಿ ಕಾದಂಬರಿಗಳನ್ನು ಸಾಲುಸಾಲಾಗಿ ಬರೆದು ಜನಪ್ರಿಯರಾದವರು. ಐವತ್ತು ಅರವತ್ತರ ದಶಕದಲ್ಲಿ ಬೆಂಗಳೂರಿನಲ್ಲೇ ಕನ್ನಡ ಚಿತ್ರಗಳಿಗೆ ಚಿತ್ರಮಂದಿರ ಸಿಗುವುದು ಕಷ್ಟವಾಗಿದ್ದಾಗ, ಬೀದಿಯಲ್ಲಿ ಕನ್ನಡ ಬೋರ್ಡು ಅಪರೂಪವಾಗಿದ್ದಾಗ, ಅ.ನ. ಕೃಷ್ಣರಾಯರ ಜೊತೆ ಚಳವಳಿಗೆ ಇಳಿದವರು. ‘ಕನ್ನಡ ಪಕ್ಷ’ ಕಟ್ಟಿದರು. ಆ ಹೋರಾಟದ ಹೊತ್ತಿನಲ್ಲೇ ಹಳದಿ-ಕೆಂಪು ಬಾವುಟ ಹುಟ್ಟಿದ್ದು. 1967ರ ಡಿಸೆಂಬರಿನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳೊಂದಿಗೆ ತೀರಿಕೊಂಡರು. ವಯಸ್ಸು ಇನ್ನೂ ಐವತ್ತಾಗಿರಲಿಲ್ಲ.

ಈ ಸಂಗತಿಯನ್ನು ನಾನು ಮೊದಲು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಾವು ವೇದಿಕೆಯ ಮೇಲೆ ‘ಉತ್ತಮ ಸಾಹಿತ್ಯ’ದ ಬಗ್ಗೆ ಭಾಷಣ ಮಾಡುವಾಗ ನಮ್ಮ ಬೆನ್ನ ಹಿಂದೆ ಹಾರುತ್ತಿರುವುದು ಒಬ್ಬ ಪತ್ತೇದಾರಿ ಲೇಖಕರ ಬಾವುಟ. ನಾವು ಯಾರನ್ನು ಕೀಳೆಂದುಕೊಂಡೆವೋ ಅವರೇ ಕನ್ನಡಕ್ಕೆ ಓದುಗರನ್ನೂ ಕೊಟ್ಟರು, ಬಾವುಟವನ್ನೂ ಕೊಟ್ಟರು.

ಅರವತ್ತರ ದಶಕದ ಕೊನೆಗೆ ಪತ್ತೇದಾರ ಬೆಳ್ಳಿತೆರೆಗೂ ಬಂದ. 1968ರಲ್ಲಿ ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಆದರು. ಜೇಮ್ಸ್ ಬಾಂಡನ 007ಗೆ ನಮ್ಮ ಉತ್ತರ. ಅದರ ಬೆನ್ನಿಗೇ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. ಈಗ ನೋಡಿದರೆ ನಿಮಗೆ ನಗು ಬರಬಹುದು, ಆದರೂ ಒಮ್ಮೆ ಅಪ್ಪ-ಅಮ್ಮನ ಜೊತೆ ಕೂತು ನೋಡಿ.

ಪುಸ್ತಕಲೋಕದಲ್ಲಿ ಮುಂದಿನ ದೊಡ್ಡ ಹೆಸರು ಟಿ.ಕೆ. ರಾಮರಾವ್. ಇವರದು ಇನ್ನೊಂದು ಬಗೆ. ಕೊಲೆಯಷ್ಟೇ ಮುಖ್ಯವಾಗಿ ಮಲೆನಾಡಿನ ಮಳೆ, ಕಾಫಿ ತೋಟ, ಒಂಟಿ ಬಂಗಲೆ, ಮನುಷ್ಯರ ಮನಸ್ಸು ಇವೆಲ್ಲ ಬರುತ್ತವೆ. ‘ಪಶ್ಚಿಮದ ಕಣಿವೆ’, ‘ಕೋವಿ-ಕುಂಚ’ ಇಂಥವುಗಳನ್ನು ಓದಿ ನಮ್ಮ ಅಮ್ಮಂದಿರು ಅನ್ನ ಸೀಯಿಸಿದ ಕಥೆಗಳಿವೆ. ಇದೇ ರಾಮರಾಯರೇ ‘ಬಂಗಾರದ ಮನುಷ್ಯ’ವನ್ನೂ ಬರೆದದ್ದು. 1972ರಲ್ಲಿ ಸಿದ್ಧಲಿಂಗಯ್ಯನವರು ಅದನ್ನು ಚಿತ್ರ ಮಾಡಿದರು, ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿತು. ಆ ಚಿತ್ರ ನೋಡಿ ಪೇಟೆ ಬಿಟ್ಟು ಹಳ್ಳಿಗೆ ವ್ಯವಸಾಯಕ್ಕೆ ಮರಳಿದವರಿದ್ದಾರೆ ಎನ್ನುತ್ತಾರೆ. ಅದರ ಮೂಲ ಕಾದಂಬರಿಕಾರ ಪತ್ತೇದಾರಿ ಕಥೆಗಳಿಗೂ ಹೆಸರಾದವರು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಎಪ್ಪತ್ತು-ಎಂಬತ್ತರ ದಶಕ ವಾರಪತ್ರಿಕೆಗಳ ಧಾರಾವಾಹಿಗಳ ಕಾಲ. ಸುಧಾ, ತರಂಗ, ಮಂಗಳ ಬರುವ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂದು ಜಗಳ. ಪೊಲೀಸ್ ಅಧಿಕಾರಿಯಾಗಿದ್ದ ವಿಜಯ ಸಾಸನೂರ ಅವರಂಥವರು ಆಗ ಬರೆದರು. ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಬಂತು, ಮಾಟ-ಮಂತ್ರದ ಭಯವನ್ನೂ ವೈದ್ಯವಿಜ್ಞಾನವನ್ನೂ ಬೆರೆಸಿದ ಕಾದಂಬರಿ. ವಂಶಿ, ರಾಜಾ ಚೆಂಡೂರ್ ಅವರಂಥ ಅನುವಾದಕರಿಂದಾಗಿ ಯಂಡಮೂರಿ ನಮಗೆ ಕನ್ನಡದವರೇ ಆಗಿಬಿಟ್ಟರು.

ಆಮೇಲೆ ಪೂರ್ಣಚಂದ್ರ ತೇಜಸ್ವಿ. ‘ಇದು ಸಾಹಿತ್ಯ, ಅದು ಪತ್ತೇದಾರಿ’ ಎಂದು ಎದ್ದಿದ್ದ ಗೋಡೆಯನ್ನು ಒಡೆದವರು ಅವರು. ಕುವೆಂಪು ಅವರ ಮಗ, ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು. 1985ರ ‘ಚಿದಂಬರ ರಹಸ್ಯ’ದಲ್ಲಿ ಕೆಸರೂರೆಂಬ ಊರು. ಏಲಕ್ಕಿ ಬೆಳೆಯ ಮೇಲೆ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳರೆಂಬ ವಿಜ್ಞಾನಿಯ ಅನುಮಾನಾಸ್ಪದ ಸಾವು. ಅದನ್ನು ಗುಟ್ಟಾಗಿ ತನಿಖೆ ಮಾಡಲು ಬರುವ ಅಂಗಡಿ ಎಂಬ ಅಧಿಕಾರಿ. ಓದುತ್ತ ಹೋದಂತೆ ನಾವು ಕೊಲೆಗಾರನನ್ನು ಹುಡುಕುವುದನ್ನು ಬಿಟ್ಟು ಇಡೀ ಊರನ್ನೇ ತನಿಖೆ ಮಾಡಲು ಶುರು ಮಾಡುತ್ತೇವೆ. ಜಾತಿ, ಮತ, ಕಾಡು, ದುರಾಸೆ, ಕಾಲೇಜು ಹುಡುಗರ ಪ್ರೇಮ, ಎಲ್ಲಕ್ಕೂ ಬೆಂಕಿ ಹತ್ತಲು ಕಾದು ನಿಂತಿರುವ ಊರು. ಇದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯ ಅಸ್ಥಿಪಂಜರ ಇಟ್ಟುಕೊಂಡು ಬರೆದ ಕನ್ನಡ ಕಾದಂಬರಿಗೆ ದೇಶದ ದೊಡ್ಡ ಪ್ರಶಸ್ತಿ!

1994ರ ‘ಜುಗಾರಿ ಕ್ರಾಸ್’ ಇನ್ನೂ ವೇಗದ್ದು. ಸುರೇಶ, ಗೌರಿ ಎಂಬ ಯುವ ಕೃಷಿಕ ದಂಪತಿ ಏಲಕ್ಕಿ ಮಾರಲು ಹೊರಡುತ್ತಾರೆ. ಒಂದು ಹಗಲು ಒಂದು ರಾತ್ರಿಯೊಳಗೆ ಕಾಡುಗಳ್ಳರು, ಕಾಳದಂಧೆ, ರೈಲು, ಕೆಂಪು ರತ್ನ, ಒಂದು ಹಳೆಯ ಕಾವ್ಯದೊಳಗೆ ಅಡಗಿದ ಒಗಟು, ಎಲ್ಲವೂ ಅವರ ಮೈಮೇಲೆ ಬೀಳುತ್ತವೆ. ನಿಮ್ಮಲ್ಲಿ ಯಾರಾದರೂ ‘ಆಂಟಿ, ಒಂದೇ ಒಂದು ಪುಸ್ತಕ ಹೇಳಿ’ ಎಂದರೆ ನಾನು ಹೇಳುವುದು ಇದನ್ನೇ.

ತೇಜಸ್ವಿಯವರ ನಂತರ ದಾರಿ ಸಲೀಸಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದ ಕೆ.ಎನ್. ಗಣೇಶಯ್ಯ ಚರಿತ್ರೆಯನ್ನೇ ಅಪರಾಧದ ಸ್ಥಳವಾಗಿ ಮಾಡಿಕೊಂಡರು. ‘ಕನಕ ಮುಸುಕು’ವಿನ ಎಳೆ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ವಸ್ತು. ಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ಅದಕ್ಕೂ ಮೊದಲಿನ ದೇವಾಲಯದಲ್ಲಿ ಅದು ಹೇಗೆ? ಇದರ ಬಗ್ಗೆ ವಿದ್ವಾಂಸರಲ್ಲಿ ವಾದವಿವಾದವಿದೆ, ಕಾದಂಬರಿ ಆ ವಾದದ ಮೇಲೇ ನಡೆಯುತ್ತದೆ. ‘ಕರಿಸಿರಿಯಾನ’ದಲ್ಲಿ 1565ರ ತಾಳೀಕೋಟೆ ಯುದ್ಧದ ನಂತರ ಆನೆಗಳ ಮೇಲೆ ಹೊರಟ ವಿಜಯನಗರದ ಸಂಪತ್ತಿನ ಹುಡುಕಾಟ. ಡ್ಯಾನ್ ಬ್ರೌನ್ ಇಷ್ಟಪಡುವವರು ಇಲ್ಲಿಂದ ಶುರು ಮಾಡಿ. ಆದರೆ ನೆನಪಿಡಿ, ಕಾದಂಬರಿಯಲ್ಲಿ ಬಂದದ್ದೆಲ್ಲ ಚರಿತ್ರೆಯಲ್ಲ. ಯಾವುದು ದಾಖಲೆ, ಯಾವುದು ಕಲ್ಪನೆ ಎಂದು ಬೇರೆ ಮಾಡುವುದೂ ಒಂದು ಒಳ್ಳೆಯ ಪತ್ತೇದಾರಿ ಕೆಲಸವೇ.

ನಿಮ್ಮ ವಯಸ್ಸಿಗೆ ಇನ್ನೂ ಹತ್ತಿರದವರು ಬೇಕೆಂದರೆ ಮೈಸೂರಿನ ಅನುಷ್ ಎ. ಶೆಟ್ಟಿ ಅವರ ‘ಕಳ್ಬೆಟ್ಟದ ದರೋಡೆಕೋರರು’, ‘ಹುಲಿ ಪತ್ರಿಕೆ’ ಓದಿ. ನಿಜವಾದ ಅಪರಾಧ ಜಗತ್ತಿನ ಬಗ್ಗೆ ರವಿ ಬೆಳಗೆರೆ, ಅಗ್ನಿ ಶ್ರೀಧರ್ ಬರೆದದ್ದಿದೆ. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಬೆಂಗಳೂರಿನ ಭೂಗತ ಲೋಕವನ್ನು ಒಳಗಿನಿಂದ ಕಂಡವರ ಬರಹ. ಇವುಗಳನ್ನು ಮಾತ್ರ ಹದಿನೆಂಟಾದ ಮೇಲೆ ಓದಿ ಎನ್ನುತ್ತೇನೆ. ರಕ್ತದ ಭಯದಿಂದಲ್ಲ. ಅಲ್ಲಿ ಸಾಯುವವರು ನಿಜವಾಗಿ ಬದುಕಿದ್ದವರು, ಅವರಿಗೂ ಮನೆಯಿತ್ತು, ತಾಯಿಯಿದ್ದಳು. ಅದನ್ನು ಮರೆತು ಮಜಾಕ್ಕೆ ಓದುವಂಥದ್ದಲ್ಲ.

ಇಷ್ಟು ಹೊಗಳಿದ ಮೇಲೆ ತಪ್ಪನ್ನೂ ಹೇಳಬೇಕು. ಕಳೆದ ಬೇಸಿಗೆಯಲ್ಲಿ ಅಪ್ಪನ ಪೆಟ್ಟಿಗೆಯ ಪುಸ್ತಕಗಳನ್ನು ಮತ್ತೆ ಓದಿದೆ. ಕೆಲವು ಕಡೆ ಪುಸ್ತಕ ಮುಚ್ಚಿಡುವಂತಾಯಿತು. ಹೆಣ್ಣು ಒಂದೋ ಅಳುತ್ತಾ ಕಾಪಾಡಿಸಿಕೊಳ್ಳುವವಳು, ಇಲ್ಲವೇ ಮೋಸಗಾತಿ. ಕಪ್ಪಗಿದ್ದವನು, ಕುಂಟನು, ಬಡವನು ಮೊದಲ ಅನುಮಾನಕ್ಕೆ ಗುರಿ. ಪತ್ತೇದಾರ ಮಾತ್ರ ಯಾವಾಗಲೂ ಗಂಡಸು. ಆ ಕಾಲದ ಇಂಗ್ಲಿಷ್ ಪತ್ತೇದಾರಿಗಳಲ್ಲೂ ಇಂಥ ದೋಷಗಳಿವೆ, ಆದರೆ ಅಲ್ಲಿ 1920ರಿಂದಲೇ ಕ್ರಿಸ್ಟಿಯಂಥ ಹೆಂಗಸು ರಾಣಿಯಾಗಿ ಕೂತಿದ್ದಳು. ನಮ್ಮಲ್ಲಿ ನಾನು ಓದಿ ಬೆಳೆದ ಪತ್ತೇದಾರಿ ಲೇಖಕರೆಲ್ಲ ಗಂಡಸರೇ. ಓದುತ್ತಿದ್ದವರಲ್ಲಿ ಮಾತ್ರ ಅಡುಗೆಮನೆಯ ಹೆಂಗಸರು ಬೇಕಾದಷ್ಟು. ನಿಮ್ಮಲ್ಲಿ ಯಾರಾದರೂ ಹುಡುಗಿ ಮುಂದೆ ಬರೆಯುವುದಾದರೆ ಜಾಗ ಖಾಲಿಯಿದೆ. ಸೂಕ್ ವಾಕಿಫ್‌ನ ಗಲ್ಲಿಗಳಲ್ಲೋ, ಮುಂಜಾನೆ ಮಂಜು ಮುಸುಕಿದ ಕಾರ್ನಿಶ್‌ನಲ್ಲೋ ಶುರುವಾಗುವ ಕನ್ನಡದ ಪತ್ತೇದಾರಿ ಕಾದಂಬರಿಯನ್ನು ಓದಲು ನಾನಂತೂ ಸಾಲಿನಲ್ಲಿ ಮೊದಲು ನಿಲ್ಲುತ್ತೇನೆ.

‘ನಮ್ಮ ಕನ್ನಡ ಅಷ್ಟು ಚೆನ್ನಾಗಿಲ್ಲ ಆಂಟಿ’ ಎನ್ನುತ್ತೀರಿ, ಗೊತ್ತು. ಆದರೆ ಪತ್ತೇದಾರಿ ಕನ್ನಡದ ಅರ್ಧ ಪದಗಳು ನಿಮಗೆ ಆಗಲೇ ಗೊತ್ತಿವೆ. ಇಲ್ಲಿನ ಶಾಲೆಯಲ್ಲಿ ಅರಬ್ಬಿ ಕಲಿತವರು ಗಮನಿಸಿ. ನಮ್ಮ ವಕೀಲ ಅರಬ್ಬಿಯ ವಕೀಲ್. ಕೈದಿಯ ಒಳಗಿರುವುದು ಕೈದ್, ಅಂದರೆ ಸಂಕೋಲೆ. ಸವಾಲು ಸುಆಲ್, ಜವಾಬು ಜವಾಬ್. ಅಸಲಿ, ನಕಲಿ ಎರಡೂ ಅಲ್ಲಿಂದ ಬಂದವೇ. ತರಗತಿಯಲ್ಲಿ ಹಾಜರಿ ಕೂಗುವಾಗ ನೀವು ‘ಹಾದಿರ್’ ಎನ್ನುತ್ತೀರಲ್ಲ, ಅದೇ ನಮ್ಮ ಹಾಜರು. ‘ದಾಮಿನ್’ ನಮ್ಮ ಜಾಮೀನು, ‘ದಬ್ತ್’ ನಮ್ಮ ಜಪ್ತಿ. ಅರಬ್ಬಿಯ ಆ ಭಾರವಾದ ‘ದ’ ಪಾರ್ಸಿಯವರ ಬಾಯಲ್ಲಿ ಹೊರಳಿ, ಕಚೇರಿ-ಕೋರ್ಟುಗಳ ದಾರಿ ಹಿಡಿದು ನಮ್ಮ ಭಾಷೆಯಲ್ಲಿ ‘ಜ’ ಆಯಿತು. ‘ತಕ್ರಾರ್’ ಎಂದರೆ ಅರಬ್ಬಿಯಲ್ಲಿ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತ ಹೋದರೆ ಏನಾಗುತ್ತದೆ? ಕನ್ನಡದ ತಕರಾರು! ಪತ್ತೇದಾರ ಎಂಬುದರಲ್ಲಿರುವ ‘ದಾರ’ ಕೂಡ ಹವಾಲ್ದಾರ, ಜಮೀನ್ದಾರಗಳಲ್ಲಿರುವ ಪಾರ್ಸಿ ‘ದಾರ್’. ನೀವು ದಿನಾ ಕೇಳುವ ಭಾಷೆಗಳು ಕನ್ನಡದ ಪೊಲೀಸ್ ಠಾಣೆಯೊಳಗೆ ಮೊದಲೇ ಹೋಗಿ ಕೂತಿವೆ.

ಹೀಗೆ ಶುರು ಮಾಡಿ. ಅಕ್ಷರ ನಿಧಾನವಾಗಿ ಓದುವವರು ಮೊದಲು ವಡ್ಡಾರಾಧನೆಯ ಕಳ್ಳನ ಕಥೆಯನ್ನು ಅಮ್ಮನ ಹತ್ತಿರ ಓದಿಸಿ ಕೇಳಿ. ಆಮೇಲೆ ‘ಜುಗಾರಿ ಕ್ರಾಸ್’, ದಿನಕ್ಕೆ ಎರಡೇ ಪುಟ. ಮೂರನೆಯದು ಟಿ.ಕೆ. ರಾಮರಾಯರ ಯಾವುದಾದರೂ ಒಂದು. ನಾಲ್ಕನೆಯದು ಗಣೇಶಯ್ಯ. ಕೊನೆಗೆ ‘ಚಿದಂಬರ ರಹಸ್ಯ’, ಯಾಕೆಂದರೆ ಅದನ್ನು ಸವಿಯಲು ಸ್ವಲ್ಪ ಪಳಗಿರಬೇಕು. ಅಂಚೆಯಲ್ಲಿ ಪುಸ್ತಕ ತರಿಸಲು ಆಗದಿದ್ದರೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳು ಸಿಗುತ್ತವೆ.

ಇನ್ನೊಂದು ಕೆಲಸವಿದೆ, ಅದು ನಿಮ್ಮಿಂದಲೇ ಆಗಬೇಕು. ಹಳೆಯ ಪತ್ತೇದಾರಿ ಪುಸ್ತಕಗಳೆಲ್ಲ ಅಗ್ಗದ ಕಾಗದದ ಮೇಲೆ ಅಚ್ಚಾದವು. ಕೈಯಿಂದ ಕೈಗೆ ಹೋಗಿ ಹರಿದವು, ಉಳಿದವು ಅಟ್ಟದಲ್ಲಿ ಪುಡಿಯಾಗುತ್ತಿವೆ. ದೊಡ್ಡ ಗ್ರಂಥಗಳನ್ನು ಜೋಪಾನ ಮಾಡುವವರು ಇವುಗಳನ್ನು ಜೋಪಾನ ಮಾಡಲಿಲ್ಲ. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜನ ಮನೆಯ ಅಟ್ಟ ಹತ್ತಿ. ಒಂದೇ ಒಂದು ಪುಸ್ತಕ ಸಿಕ್ಕರೂ ಮುಖಪುಟದ ಫೋಟೋ ತೆಗೆಯಿರಿ, ಬರೆದವರ ಹೆಸರು, ಅಚ್ಚಾದ ವರ್ಷ, ಬೆಲೆ ಗುರುತು ಹಾಕಿಕೊಳ್ಳಿ. ಅದನ್ನು ಯಾರು, ಯಾವಾಗ, ಎಲ್ಲಿ ಓದಿದರು ಎಂದು ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಚರಿತ್ರೆ ಯಾವ ವಿಶ್ವವಿದ್ಯಾಲಯದಲ್ಲೂ ಸಿಗುವುದಿಲ್ಲ.

ನನ್ನ ‘ಭಯಂಕರ ಬೈರಾಗಿ’ಯ ಪ್ರತಿಗೆ ಕೊನೆಯ ಪುಟಗಳೇ ಇಲ್ಲ, ಗೆದ್ದಲು ತಿಂದಿದೆ. ಕಳೆದ ವರ್ಷ ಅಪ್ಪನನ್ನು ಕೇಳಿದೆ, “ಕೊನೆಗೆ ಏನಾಗತ್ತಪ್ಪ?” ಅಂತ. ಅಪ್ಪ ನಕ್ಕು, “ಹೇಳಲ್ಲ, ಹುಡುಕಿ ಓದು” ಅಂದರು. ಅಪ್ಪನಿಗೆ ಈಗ ಎಪ್ಪತ್ತೆಂಟು, ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲ. ಆದ್ದರಿಂದ ಶುಕ್ರವಾರ ಬೆಳಿಗ್ಗೆ ನನ್ನ ಮಗ ದೋಹಾದಿಂದ ಫೋನಿನಲ್ಲಿ ಅಜ್ಜನಿಗೆ ‘ಜುಗಾರಿ ಕ್ರಾಸ್’ ಓದುತ್ತಾನೆ. ತಡವರಿಸುತ್ತಾನೆ. ‘ಳ’ ಅನ್ನಬೇಕಾದಲ್ಲಿ ‘ಲ’ ಅನ್ನುತ್ತಾನೆ. ಅಜ್ಜ ಅಲ್ಲಿಂದಲೇ ತಿದ್ದುತ್ತಾರೆ. ಮೊದಲೆಲ್ಲ ಇಬ್ಬರ ಮಾತು “ಊಟ ಆಯ್ತಾ”, “ಚೆನ್ನಾಗಿ ಓದು” ಎನ್ನುವಲ್ಲಿಗೆ ಮುಗಿದುಹೋಗುತ್ತಿತ್ತು. ಹೋದ ವಾರ ಅಧ್ಯಾಯ ಮುಗಿಸಿ ಮಗ ಫೋನ್ ಇಡಲು ಹೊರಟಾಗ ಆ ಕಡೆಯಿಂದ ಅಪ್ಪನ ದನಿ ಕೇಳಿಸಿತು: “ಮುಂದಿಂದು ಓದೋ.”

ನಮ್ಮ ಕನ್ನಡ ತರಗತಿಯ ಆ ಹುಡುಗಿ ಈಗ ‘ಜುಗಾರಿ ಕ್ರಾಸ್’ ಅರ್ಧ ಮುಗಿಸಿದ್ದಾಳೆ. ನೀವು ಯಾವುದು ಓದಿದಿರಿ, ಕೊಲೆಗಾರನನ್ನು ಎಷ್ಟನೇ ಪುಟದಲ್ಲಿ ಪತ್ತೆ ಹಚ್ಚಿದಿರಿ ಎಂದು ಸಿಕ್ಕಾಗ ಹೇಳಿ. ಕೊನೆ ಮಾತ್ರ ಯಾರಿಗೂ ಹೇಳಬೇಡಿ.